ಬೆನ್ನ ಹಿಂದಿನ ಕೈ

ಉಗುರು ಕತ್ತರಿಸಿಕೊಳ್ಳುವಾಗಲೇ ಅವನಿಗೆ ರೇಗಿಹೋಗಿತ್ತು. ಭಾನುವಾರ ಬಂತೆಂದರೆ ಕಿಟಕಿಯ ಪಕ್ಕ ಹಳೇ ಪೇಪರು ಹಾಸಿಕೊಂಡು ಕೂತು ಹತ್ತೂ ಬೆರಳಿನ ಉಗುರನ್ನು ಬುಡಮಟ್ಟ ತೆಗೆಯಬೇಕು, ತೆಗೆದ ಮೇಲೆ ಉಳಿದ ಚೂಪನ್ನು ಬೆಂಕಿಪೊಟ್ಟಣದ ಮಗ್ಗುಲಿಗೆ ಉಜ್ಜಿ ಸಪಾಟು ಮಾಡಬೇಕು. ಇಲ್ಲದಿದ್ದರೆ ಪ್ರಾರ್ಥನೆಯಲ್ಲಿ ಬೀಳುವವರಿಗೆ ಗೀರುತ್ತದೆ. ಹಿಂದೊಮ್ಮೆ ಮರೆತು ಹೋಗಿದ್ದಾಗ ಒಬ್ಬ ಹೆಂಗಸು ಸಾಕ್ಷಿ ಹೇಳಲು ಎದ್ದು ನಿಂತು, ತೋಳು ಮೇಲೆತ್ತಿ, ನೋಡಿ, ಬಿಟ್ಟು ಹೋಗುವಾಗ ಅದು ಹೇಗೆ ಪರಚಿ ಹೋಗಿದೆ ನೋಡಿ, ಎಂದು ಸಭೆಗೆಲ್ಲ ತೋರಿಸಿದ್ದಳು. ಸಭೆ ಸ್ತೋತ್ರ ಅಂದಿತು. ಅವನು ಹಿಂದಿನ ಸಾಲಿನಲ್ಲಿ ಕೂತು ತನ್ನ ಬಲಗೈ ತೋರುಬೆರಳನ್ನು ನೋಡಿಕೊಂಡ, ಆಮೇಲೆ ಅದನ್ನು ಮಡಚಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. ಎದ್ದು ಹೇಳಬಹುದಿತ್ತು. ಏನಂತ ಹೇಳುವುದು? ಅಮ್ಮಾ, ಅದು ದೆವ್ವ ಅಲ್ಲ, ನಾನು, ಅಂತಲೇ?

ವಾರವೆಲ್ಲ ಅವನು ಗಾಜಿನ ಅಂಗಡಿಯಲ್ಲಿ ಗಾಜು ಕೊಯ್ಯುವವನು. ಭಾನುವಾರ ಮಾತ್ರ, ಮಹಡಿ ಮೇಲಿನ ಬಾಡಿಗೆ ಹಾಲಿನಲ್ಲಿ ನಡೆಯುವ ಬಿಡುಗಡೆ ಪ್ರಾರ್ಥನೆಯಲ್ಲಿ, ಹಿಡಿಯುವವನು. ಪಾಸ್ಟರು ಒಬ್ಬೊಬ್ಬರ ಹಣೆಯ ಮೇಲೆ ಅಂಗೈ ಇಟ್ಟು, ಒಳಗೆ ಸೇರಿಕೊಂಡಿರುವುದಕ್ಕೆ ಹೊರಡು ಎಂದು ಅಪ್ಪಣೆ ಕೊಡುತ್ತಾರೆ. ಅಪ್ಪಣೆ ತಗುಲಿದವರು ಹಿಂದಕ್ಕೆ ಬೀಳುತ್ತಾರೆ. ಬಿದ್ದವರ ತಲೆ ನೆಲಕ್ಕೆ ಬಡಿಯದ ಹಾಗೆ ಹಿಂದೆ ನಿಂತು, ಕಂಕುಳಿಗೆ ಕೈಕೊಟ್ಟು, ಮೆಲ್ಲಗೆ ಮಲಗಿಸುವುದು ಅವನ ಕೆಲಸ. ಗಾಜು ಎತ್ತುವ ಕೈ, ಇದಕ್ಕೆ ಇವನೇ ಸರಿ, ಎಂದು ಅಕ್ಕನೇ ಅವನನ್ನು ಪಾಸ್ಟರಿಗೆ ಒಪ್ಪಿಸಿದ್ದಳು. ಸಭೆಯವರು ಅವನಿಗೆ ಬೆನ್ನಣ್ಣ ಅಂತ ಹೆಸರಿಟ್ಟಿದ್ದಾರೆ. ದಾರಿಯಲ್ಲಿ ಎದುರು ಸಿಕ್ಕರೆ ಅರ್ಧ ಜನಕ್ಕೆ ಅವನ ಗುರುತು ಹತ್ತುವುದಿಲ್ಲ. ಅವನಿಗೂ ಅವರ ಮುಖಕ್ಕಿಂತ ಬೆನ್ನೇ ಚೆನ್ನಾಗಿ ಗೊತ್ತು. ಯಾರ ಭುಜದ ಮೂಳೆ ಹೇಗೆ ಎದ್ದಿದೆ, ಯಾರ ಕುತ್ತಿಗೆಯಲ್ಲಿ ಬೆವರು ಮೊದಲು ಎಲ್ಲಿ ಒಡೆಯುತ್ತದೆ, ಎಲ್ಲ.

“ರೀ, ಬೀಳೋದು ಹೇಗೆ ಅಂತ ಸ್ವಲ್ಪ ಹೇಳ್ಕೊಡಿ,” ಎಂದಳು ಹೆಂಡತಿ. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಬೀಳೋದನ್ನ ಯಾರಾದ್ರೂ ಹೇಳ್ಕೊಡ್ತಾರಾ?”

“ನೀವಲ್ದೆ ಇನ್ಯಾರು ಹೇಳ್ಕೊಡ್ಬೇಕು? ವಾರವಾರ ಅಷ್ಟು ಜನಾನ ಬೀಳಿಸ್ತೀರಿ.”

“ಬೀಳಿಸೋದು ನಾನಲ್ಲ ಕಣೇ. ಹಿಡಿಯೋದು ನಾನು.”

“ಸರಿ ಮಾರಾಯ್ರೆ, ಹಿಡಿಯೋರು. ಇವತ್ತು ನಾನು ಬೀಳ್ಲಿಲ್ಲ ಅಂದ್ರೆ ಅಕ್ಕ ಆ ಚೀಲದ ಜೊತೆ ನನ್ನನ್ನೂ ವ್ಯಾನಿಗೆ ತುಂಬಿ ಕಳಿಸ್ತಾರೆ. ಬಿದ್ದುಬಿಟ್ರೆ ಮುಗೀತಲ್ಲ. ಯಾರಿಗೂ ತಲೆನೋವಿಲ್ಲ.”

ಒಳಗಿನ ಕೋಣೆಯಲ್ಲಿ ಅಕ್ಕ ಆ ಚೀಲವನ್ನೇ ತುಂಬುತ್ತಿದ್ದಳು. ಜಿಪ್ಪು ಎಳೆಯುವ ಸದ್ದು, ಸಿಕ್ಕಿಕೊಂಡ ಸದ್ದು, ಮತ್ತೆ ಎಳೆಯುವ ಸದ್ದು. ಪ್ರಾರ್ಥನೆ ಮುಗಿದ ಮೇಲೆ ಹಾಲಿನ ಕೆಳಗಿಂದ ಗುಡ್ಡದ ಮೇಲಿನ ಪ್ರಾರ್ಥನಾ ಮನೆಗೆ ವ್ಯಾನು ಹೋಗುತ್ತದೆ. ಬಿಡುಗಡೆ ಆಗದವರನ್ನು, ಆಗುವ ತನಕ ಅಲ್ಲಿಟ್ಟು ಉಪವಾಸ ಹಾಕುತ್ತಾರೆ. ಪಕ್ಕದ ಗಲ್ಲಿಯ ಟೈಲರಮ್ಮ ಹೋಗಿದ್ದಳು. ಹೋಗುವಾಗ ಬಾಯಿ ಜೋರಿದ್ದವಳು, ಬಂದ ಮೇಲೆ ಸ್ವಂತ ಮನೆಯಲ್ಲಿ ನೀರು ಕುಡಿಯುವುದಕ್ಕೂ ಕುಡಿಯಲಾ ಎಂದು ಕೇಳುತ್ತಾಳೆ. ಎಷ್ಟು ಸಮಾಧಾನದ ಜೀವ ಆಗಿಬಿಟ್ಟಳು ನೋಡು, ಎನ್ನುತ್ತಾಳೆ ಅಕ್ಕ. ಅಕ್ಕ ಸುಳ್ಳು ಹೇಳುವವಳಲ್ಲ. ಅವಳಿಗೆ ಅದು ಹಾಗೆಯೇ ಕಾಣುತ್ತದೆ. ಅಪ್ಪ ಅಮ್ಮ ಹೋದ ಮೇಲೆ ಅವನ ಮೂಗು ಒರೆಸಿ ಬೆಳೆಸಿದವಳು, ತನಗೆ ಬಂದ ಸಂಬಂಧಗಳನ್ನೆಲ್ಲ ಒದ್ದವಳು, ಈಗ ತಮ್ಮನ ಹೆಂಡತಿಯ ಬಟ್ಟೆಗಳನ್ನು ಇಸ್ತ್ರಿ ಮಾಡಿಯೇ ಚೀಲಕ್ಕಿಡುತ್ತಿದ್ದಾಳೆ. ಬೈದು ತುಂಬಿದ್ದರೆ ಜಗಳವಾದರೂ ಆಡಬಹುದಿತ್ತು.

ಚಾಪೆಯ ಮೇಲೆ ಹಾಸಿಗೆ ಎಳೆದು ಹಾಕಿ, ಅವಳನ್ನು ಅದಕ್ಕೆ ಬೆನ್ನು ಮಾಡಿ ನಿಲ್ಲಿಸಿದ. ಮೈ ಸಡಿಲ ಬಿಡು, ಅಂದ. ಬಿಟ್ಟಿದೀನಿ, ಅಂದಳು. ಬಿಟ್ಟಿರಲಿಲ್ಲ. ಕಣ್ಣು ಮುಚ್ಚು. ಹಿಂದೆ ನಾನಿದೀನಿ, ಯೋಚನೆ ಮಾಡಬೇಡ, ಬೀಳು. ಅವಳು ಉಸಿರು ಎಳೆದುಕೊಂಡು ಹಿಂದಕ್ಕೆ ವಾಲಿದಳು, ವಾಲಿದ್ದೇ ತಡ ಬಲಗಾಲು ಹಿಂದಕ್ಕೆ ಬಂದು ಗಟ್ಟಿಯಾಗಿ ಊರಿಕೊಂಡಿತು. “ಕಾಲು ತರಬೇಡ ಅಂದ್ನಲ್ಲ.” “ನಾನೆಲ್ಲಿ ತಂದೆ? ಅದೇ ಬಂತು.” ಮತ್ತೆ ನಿಲ್ಲಿಸಿದ. ಈ ಸಲ ಎಡಗಾಲು. ಇನ್ನೊಮ್ಮೆ. ಎರಡೂ ಕಾಲು, ಒಂದಾದ ಮೇಲೊಂದು, ಮೆಟ್ಟಿಲು ಇಳಿಯುವವಳ ಹಾಗೆ. ಅವನಿಗೆ ಪಿತ್ತ ನೆತ್ತಿಗೇರಿತು. “ಎಂಥ ಹಟ ಮಾರಾಯ್ತಿ ನಿಂದು! ಹೆಡ್‌ಮಾಸ್ಟರು ಬೀಳ್ತಿದ್ರು, ಹಲ್ಲಿಲ್ಲದ ಮುದುಕಿ ಬೀಳ್ತಾಳೆ, ನಿನಗೇನು ಬಂದಿರೋದು?” ಹೆಡ್‌ಮಾಸ್ಟರು ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ತಪ್ಪು ಗೊತ್ತಾಯಿತು. ಅವಳ ಭುಜ ಅದುರತೊಡಗಿತು. ಬಾಯಿಗೆ ಟವೆಲ್ ಒತ್ತಿಕೊಂಡಳು. ಟವೆಲಿನ ಒಳಗಿಂದ ಆ ನಗು, ಕುಕ್ಕರಿನ ಸದ್ದಿನಂತೆ, ಬಿಟ್ಟು ಬಿಟ್ಟು ಬಂತು. ಒಳಗೆ ಜಿಪ್ಪಿನ ಸದ್ದು ನಿಂತುಹೋಯಿತು.

ಎಲ್ಲ ಶುರುವಾದದ್ದೇ ಹೆಡ್‌ಮಾಸ್ಟರಿಂದ. ಅಲ್ಲ, ಹೆಡ್‌ಮಾಸ್ಟರು ಪಾಪ ಏನು ಮಾಡಿದರು, ಶುರು ಮಾಡಿದ್ದು ಅವನೇ. ಒಂದು ದಿನ ಊಟ ಮಾಡುತ್ತಾ ಯಾಕೋ ಖುಷಿಯಲ್ಲಿದ್ದ, ಅಕ್ಕ ಮನೆಯಲ್ಲಿರಲಿಲ್ಲ, ಹೆಂಡತಿಗೆ ಸಭೆಯವರು ಬೀಳುವುದನ್ನು ಮಾಡಿ ತೋರಿಸಿದ. ಹಾಡುಗಾರರ ಸಾಲಿನ ದೊಡ್ಡಮ್ಮ ಬೀಳುವ ಮುಂಚೆ ಹಿಂದೆ ತಿರುಗಿ, ಬಂದ್ಯೇನಪ್ಪ ಎಂಬಂತೆ ಒಮ್ಮೆ ನೋಡಿ, ಕನ್ನಡಕ ತೆಗೆದು ಪಕ್ಕದವರ ಕೈಗೆ ಕೊಟ್ಟು, ಆಮೇಲೆ ಬೀಳುತ್ತಾಳೆ. ನಿವೃತ್ತ ಹೆಡ್‌ಮಾಸ್ಟರು ಮೊದಲು ಮಂಡಿ ಮಡಚಿ, ಬಸ್ಸಿನಲ್ಲಿ ಸೀಟು ತಡಕುವವರ ಹಾಗೆ ಒಂದು ಕೈಯಲ್ಲಿ ನೆಲ ತಡಕಿ, ಕೂತು, ಕೂತ ಮೇಲೆ ಮಲಗಿ, ಮಲಗಿದ ಮೇಲೆ ಆಆ ಎಂದು ಕೂಗುತ್ತಾರೆ. ಕುರ್ಚಿಯಿಂದೆದ್ದು ಅದನ್ನೆಲ್ಲ ಅವನು ಅಡುಗೆಮನೆಯ ನೆಲದ ಮೇಲೆ ಆಡಿ ತೋರಿಸಿದಾಗ ಅವಳಿಗೆ ನೆತ್ತಿಗೆ ಹತ್ತಿ ಕಣ್ಣಲ್ಲಿ ನೀರು ಬಂದಿತ್ತು. ಮದುವೆಯಾದಾಗಿನಿಂದ ಅವಳನ್ನು ಅಷ್ಟು ನಗಿಸಿದ್ದು ಅದೇ ಮೊದಲು. ಮುಂದಿನ ಭಾನುವಾರ ಹೆಡ್‌ಮಾಸ್ಟರು ಮಂಡಿ ಮಡಚಿ ಕೈಯಿಂದ ನೆಲ ತಡಕಿದರು ನೋಡಿ, ಹೆಂಗಸರ ಸಾಲಿನಿಂದ ನಗು ಸಿಡಿಯಿತು. ಸಣ್ಣ ನಗುವಲ್ಲ. ತಡೆಯಲು ಹೋದಷ್ಟೂ ಜೋರಾಗುವ ನಗು. ಕೀಬೋರ್ಡು ನಿಂತಿತು. ಪಾಸ್ಟರು ಕಣ್ಣು ಬಿಟ್ಟರು. ಅವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಕುರ್ಚಿಗಳಿಗೆ ಡಿಕ್ಕಿ ಹೊಡೆದುಕೊಂಡು ಹೊರಗೆ ಓಡಿದಳು. ಮೆಟ್ಟಿಲ ಮೇಲೂ ಆ ನಗು ಕೇಳುತ್ತಲೇ ಇತ್ತು. ಅಪಹಾಸ್ಯದ ಆತ್ಮ ಹೊಕ್ಕಿದೆ, ಎಂದರು ಪಾಸ್ಟರು, ಮೈಕಿನಲ್ಲಿ, ಬೇಜಾರಿನ ದನಿಯಲ್ಲಿ. ಆಗ ಅವನು ಹೆಡ್‌ಮಾಸ್ಟರ ಕಂಕುಳಲ್ಲಿ ಕೈಯಿಟ್ಟುಕೊಂಡು ಬಗ್ಗಿದ್ದ. ತಲೆ ಎತ್ತಲಿಲ್ಲ. ಹೆಡ್‌ಮಾಸ್ಟರ ಅಂಗಿಯ ಕಾಲರಿನಲ್ಲಿ ಒಂದು ದಾರ ಬಿಟ್ಟಿತ್ತು. ಅದನ್ನೇ ನೋಡುತ್ತಾ ನಿಂತಿದ್ದ.

ಅವಳು ಅವನ ಹೆಸರು ಎತ್ತಲಿಲ್ಲ. ಅಕ್ಕ ಅತ್ತಳು, ಪಾಸ್ಟರು ಮನೆಗೆ ಬಂದು ಕೇಳಿದರು, ಹೆಂಗಸರ ಪ್ರಾರ್ಥನಾ ಗುಂಪು ಬಂದು ಸುತ್ತ ಕೂತು ಕೇಳಿತು, ಯಾಕೆ ನಕ್ಕೆ ಎಂದು. ನಗು ಬಂತು, ನಕ್ಕೆ, ಎಂದಳು, ಅಷ್ಟೇ. ಅವನು ಚಹಾದ ಲೋಟಗಳನ್ನು ತಂದಿಟ್ಟು ಒಳಗೆ ಹೋದ. ಆಮೇಲೂ ಅವಳು ಅವನನ್ನು ಒಂದು ಮಾತು ಅನ್ನಲಿಲ್ಲ. ಇದಕ್ಕೇ ಅವನಿಗೆ ಅವಳ ಮೇಲೆ ಸಿಟ್ಟು. ಇವರೇ ನಗಿಸಿದ್ದು ಎಂದು ಒಂದು ಸಲ ಬೊಟ್ಟು ಮಾಡಿ ತೋರಿಸಿಬಿಟ್ಟಿದ್ದರೆ ಅವನು ಬಾಯಿಗೆ ಬಂದ ಹಾಗೆ ಕೂಗಾಡಿ, ಆಮೇಲೆ ಸೋತು, ಆಮೇಲೆ ಹಗುರಾಗಿ ಇರುತ್ತಿದ್ದ.

“ಇನ್ನೂ ಆಟಾನೇ ಆಡ್ತಿದೀರಾ?” ಅಕ್ಕ ಚೀಲ ಹಿಡಿದು ಬಾಗಿಲಿಗೆ ಬಂದಿದ್ದಳು. ನೆಲದ ಮೇಲಿನ ಹಾಸಿಗೆ ನೋಡಿದಳು, ಟವೆಲಿನಲ್ಲಿ ಮುಖ ಹುದುಗಿಸಿದ ತಮ್ಮನ ಹೆಂಡತಿಯನ್ನು ನೋಡಿದಳು. “ನೋಡೋ, ನೋಡು, ಈಗಲೂ ಹೇಗೆ ಕುಣಿಸ್ತಿದೆ ಅದು ಅವಳನ್ನ. ಪಾಪದ್ದು.”

“ಅಕ್ಕಾ, ಅದೂ ಇಲ್ಲ ಇದೂ ಇಲ್ಲ, ಸುಮ್ನಿರು.”

“ನಾನು ಸುಮ್ನಿರ್ತೀನಿ. ಅದು ಸುಮ್ನಿರುತ್ತಾ ಕೇಳು.”

ಪ್ರಾರ್ಥನೆಯ ಹಾಲಿಗೆ ಮೂವರೂ ನಡೆದೇ ಹೋದರು. ಚೀಲ ಅವನ ಕೈಯಲ್ಲಿತ್ತು. ಅಕ್ಕ ಮುಂದೆ, ತುಟಿಯಲ್ಲೇ ಪ್ರಾರ್ಥನೆ ಗೊಣಗುತ್ತಾ, ಹೆಂಡತಿ ಪಕ್ಕದಲ್ಲಿ. “ನೀವು ಬೆನ್ನಿಗೆ ಬೆರಳು ಇಟ್ಟ ತಕ್ಷಣ ಬಿದ್ದುಬಿಡ್ತೀನಿ,” ಎಂದಳು, ಬಸ್ಸಿನ ಟೈಮು ಹೇಳಿದಷ್ಟು ಸಲೀಸಾಗಿ. “ಕಾಲು ಬರೋಕೆ ಮುಂಚೆ. ನೀವು ಮಾತ್ರ ಮರೀಬೇಡಿ.” ಅವನು ಹೂಂ ಅಂದ. ಬೆರಳಿನ ಗುಟ್ಟು ಅವಳಿಗೆ ಹೇಳಿದ್ದೂ ಅದೇ ಊಟದ ಹೊತ್ತಿನಲ್ಲಿ. ಹಿಡಿಯುವವನು ಬಂದು ನಿಂತಿದ್ದಾನೆಂದು ತಿಳಿಸಲು ಬೀಳುವವರ ಬೆನ್ನಿನ ನಡುವೆ ಎರಡು ಬೆರಳು ತಾಗಿಸಬೇಕು. ಮೊದಲ ದಿನ ಪಾಸ್ಟರೇ ಕಲಿಸಿಕೊಟ್ಟದ್ದು. ಹೆದರಿ ತಡೆದುಕೊಳ್ಳಬಾರದಲ್ಲ ತಮ್ಮಾ, ಅದಕ್ಕೆ, ಎಂದಿದ್ದರು. ಎಷ್ಟೋ ಭಾನುವಾರ ಕಳೆದ ಮೇಲೆ ಅವನಿಗೆ ಗೊತ್ತಾಯಿತು, ಜನ ಬೀಳುವುದು ಹಣೆಯ ಮೇಲೆ ಕೈ ಬಿದ್ದಾಗ ಅಲ್ಲ, ಬೆನ್ನಿಗೆ ಬೆರಳು ತಾಗಿದಾಗ. ಒಮ್ಮೆ ಜ್ವರ ಬಂದು ಅವನು ಹೋಗಿರಲಿಲ್ಲ. ಅವತ್ತು ಯಾರೂ ಬೀಳಲಿಲ್ಲವಂತೆ. ಇವತ್ತು ಸಭೆಯಲ್ಲಿ ಅಪನಂಬಿಕೆ ಬಹಳ ಇದೆ ಎಂದು ಪಾಸ್ಟರು ಅತ್ತರಂತೆ. ಮುಂದಿನ ವಾರ ಅವನು ಬಂದ, ಜನ ಬಿದ್ದರು, ಪಾಸ್ಟರು ಒಂದು ಗಳಿಗೆ ಅವನ ಮುಖವನ್ನೇ ನೋಡಿದರು. ಏನೋ ಕೇಳುವಂತೆ ಬಾಯಿ ತೆರೆದು ಕೇಳಲಿಲ್ಲ. ಅವನೂ ಹೇಳಲಿಲ್ಲ. ಅಂದಿನಿಂದ ಇಬ್ಬರೂ, ಸಾಲ ಕೊಟ್ಟವರು ಯಾರು ತಗೊಂಡವರು ಯಾರು ಎಂದು ಮರೆತ ನೆಂಟರ ಹಾಗೆ, ಒಬ್ಬರಿಗೊಬ್ಬರು ಅತಿಯಾಗಿ ಮರ್ಯಾದೆ ಕೊಡುತ್ತಾ ಬಂದಿದ್ದಾರೆ.

ದಾರಿಯಲ್ಲಿ ಅವನ ಅಂಗಡಿ ಬಾಗಿಲು ಎಳೆದುಕೊಂಡಿತ್ತು. ಅಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಮಾಲೀಕ ಕಲಿಸಿದ ಮೊದಲ ಪಾಠ: ಬೀಳುವ ಗಾಜನ್ನು ಹಿಡಿಯಬಾರದು. ಕೈ ಮೇಲೆತ್ತಿ, ಒಂದು ಹೆಜ್ಜೆ ಹಿಂದೆ ಸರಿ, ಬೀಳಲಿ, ಒಡೆಯಲಿ, ಗಾಜು ಇನ್ನೊಂದು ಬರುತ್ತೆ, ಕೈ ಬರಲ್ಲ. ಆದರೂ ಒಂದು ಸಲ ಹಿಡಿದಿದ್ದ. ಅಂಗೈಗೆ ಅಡ್ಡಲಾಗಿ ಆ ಗುರುತು ಇನ್ನೂ ಇದೆ. ಮಾಲೀಕ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾ ದಾರಿಯುದ್ದಕ್ಕೂ ಬೈದಿದ್ದ: ನಿನಗ್ಯಾವನಯ್ಯ ಅಧಿಕಾರ ಕೊಟ್ಟ ಅದನ್ನ ಹಿಡಿಯೋಕೆ? ಅಧಿಕಾರ. ಹಾಲಿನಲ್ಲಿ ವಾರವಾರ ಅದೇ ಮಾತು. ಹಾವು ಚೇಳು ತುಳಿಯುವ ಅಧಿಕಾರ, ಕಟ್ಟುವ ಬಿಚ್ಚುವ ಅಧಿಕಾರ, ಗಾಳಿಗೆ ಸುಮ್ಮನಿರು ಎನ್ನುವ ಅಧಿಕಾರ. ಹಾಗಿದ್ದ ಮೇಲೆ ಎರಡು ಬೆರಳು ಯಾಕೆ ಬೇಕು ಎಂದು ಅವನು ಕೇಳುವ ಹಾಗಿಲ್ಲ. ಕೇಳಿದರೆ ಅವನಿಗೂ ಒಂದು ಆತ್ಮ ಸಿಕ್ಕಿಬಿಡುತ್ತದೆ.

ಅವನು ನಂಬದವನಾಗಿದ್ದರೆ ಇಷ್ಟು ರೇಗುತ್ತಿರಲಿಲ್ಲ. ನಂಬುತ್ತಿದ್ದ. ಜ್ವರದಲ್ಲಿ ಮಲಗಿದ್ದ ಆ ಭಾನುವಾರ ಬೈಬಲಿನ ಸುವಾರ್ತೆಯನ್ನು ತೆಗೆದು, ದೆವ್ವ ಬಿಡಿಸಿದ ಜಾಗಗಳನ್ನೆಲ್ಲ ಹುಡುಕಿ ಹುಡುಕಿ ಓದಿದ್ದ, ಹಿಡಿಯುವವರು ಅಲ್ಲಿ ಎಲ್ಲಾದರೂ ಇದ್ದಾರೆಯೇ ಎಂದು. ಇರಲಿಲ್ಲ. ಬೀಳುವುದು ಇತ್ತು. ಮೂಗ ಹುಡುಗನನ್ನು ನೆಲಕ್ಕೆ ಅಪ್ಪಳಿಸಿದ್ದು, ಬೆಂಕಿಗೂ ನೀರಿಗೂ ತಳ್ಳಿದ್ದು, ನೊರೆ ಕಾರಿಸಿ ಹೊರಳಾಡಿಸಿದ್ದು, ಎಲ್ಲ ದೆವ್ವದ ಕೆಲಸ. ಕರ್ತನು ಮಾಡಿದ್ದು ಒಂದೇ. ಸತ್ತನೆಂದು ಜನ ಆಡಿಕೊಳ್ಳುವಾಗ ಹುಡುಗನ ಕೈ ಹಿಡಿದು ಎಬ್ಬಿಸಿದ. ಶಿಷ್ಯನೊಬ್ಬನ ಅತ್ತೆ ಜ್ವರದಿಂದ ಮಲಗಿದ್ದಾಗಲೂ ಅಷ್ಟೇ, ಕೈ ಹಿಡಿದು ಎಬ್ಬಿಸಿದ. ಬೀಳಿಸುವುದು ಅದು, ಎಬ್ಬಿಸುವುದು ಈತ. ಹಾಗಾದರೆ ತಾವು ಮಹಡಿಯ ಮೇಲೆ ಮಾಡುತ್ತಿರುವುದು ಯಾರ ಕೆಲಸ? ಪುಸ್ತಕ ಮುಚ್ಚಿಟ್ಟು ಗೋಡೆಗೆ ತಿರುಗಿ ಮಲಗಿದ್ದ. ಬಿದ್ದವರನ್ನು ಎಬ್ಬಿಸಲು ಹಾಲಿನಲ್ಲಿ ಯಾರನ್ನೂ ನೇಮಿಸಿಲ್ಲ. ಅವರೇ ಸ್ವಲ್ಪ ಹೊತ್ತಾದ ಮೇಲೆ ಒಂದು ಕಣ್ಣು ಬಿಟ್ಟು, ಅಕ್ಕಪಕ್ಕ ನೋಡಿ, ಬಟ್ಟೆ ಕೊಡವಿಕೊಂಡು ಎದ್ದು ಕುರ್ಚಿ ಹುಡುಕುತ್ತಾರೆ.

ಹಾಲಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಒಂದು ಫ್ಯಾನು ಕಿರುಗುಟ್ಟುತ್ತಿತ್ತು, ತಿಂಗಳುಗಳಿಂದ ಹಾಗೇ ಇತ್ತು, ಸರಿಮಾಡಿಸಬೇಕು ಎಂದು ಪ್ರತಿ ವಾರ ಯಾರಾದರೊಬ್ಬರು ಅನ್ನುತ್ತಿದ್ದರು. ಪಾಸ್ಟರು ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದರು. ತುಟಿ ಒಡೆದಿತ್ತು. ಅವನ ಹೆಂಡತಿಗಾಗಿ ಗುರುವಾರದಿಂದ ಊಟ ಬಿಟ್ಟಿದ್ದಾರೆ ಎಂದು ಅಕ್ಕ ಹೇಳಿದ್ದಳು. ಅವನನ್ನು ಕಂಡು ಕೈ ಹಿಡಿದುಕೊಂಡು, “ಧೈರ್ಯ ತಗೋ ತಮ್ಮಾ,” ಎಂದರು, ನಿಜವಾಗಿಯೂ ಅವನ ಧೈರ್ಯದ ಬಗ್ಗೆ ಚಿಂತೆ ಇರುವವರ ಹಾಗೆ. ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು! ದುಡ್ಡು ತಿನ್ನುವವನೋ, ಹೆಂಗಸರ ಕಡೆ ನೋಡುವವನೋ ಆಗಿದ್ದರೆ ಒಂದು ದಿನ ಬಾಗಿಲು ದಡಾರನೆ ಹಾಕಿಕೊಂಡು ಹೊರಗೆ ಬಂದುಬಿಡಬಹುದಿತ್ತು. ಈ ಮನುಷ್ಯ ಉಪವಾಸ ಮಾಡುತ್ತಾನೆ, ಅಳುತ್ತಾನೆ, ಅವನ ಅಂಗಿಯ ತೋಳು ಸವೆದಿದೆ.

ಹಾಡು ಮುಗಿದು ಸಾಲು ನಿಂತಿತು. ದೊಡ್ಡಮ್ಮ ಹಿಂದೆ ತಿರುಗಿ ನೋಡಿ, ಕನ್ನಡಕ ಕೊಟ್ಟು, ಬಿದ್ದಳು. ಒಬ್ಬ ಲಾರಿ ಡ್ರೈವರ್ ಬಿದ್ದ. ಅವನದು ನಿಜವಾದ ಭಾರ, ನಿದ್ದೆಗೆಟ್ಟವನ ಭಾರ, ತೋಳಿಗೆ ಬಂದ ಕೂಡಲೇ ಗೊತ್ತಾಗುತ್ತದೆ. ಹೆಡ್‌ಮಾಸ್ಟರು ಇವತ್ತು ಸಾಲಿಗೆ ಬಂದಿರಲಿಲ್ಲ. ಆ ನಗುವಾದ ಮೇಲೆ ಅವರು ಬೀಳುವುದನ್ನು ಬಿಟ್ಟಿದ್ದರು. ಕುರ್ಚಿಯಲ್ಲೇ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಅಪರಾಧಿಯ ಹಾಗೆ ನೆಲ ನೋಡುತ್ತಿದ್ದರು. ಮಂಡಿ ನೋವಿತ್ತಂತೆ ಅವರಿಗೆ. ಅದಕ್ಕೇ ಹಾಗೆ ಕೂತು ಮಲಗುತ್ತಿದ್ದರಂತೆ. ಯಾರೋ ಮೆಟ್ಟಿಲ ಮೇಲೆ ಹೇಳಿದ್ದು ಕಿವಿಗೆ ಬಿದ್ದಿತ್ತು.

ಆಮೇಲೆ ಹೆಂಡತಿ ಬಂದು ನಿಂತಳು. ಎದುರು ಪಾಸ್ಟರು, ಪಕ್ಕದಲ್ಲಿ ಅಕ್ಕ, ಹಿಂದೆ ಅವನು. ಎಷ್ಟೋ ಬೆನ್ನು ನೋಡಿದ್ದವನು ಈ ಬೆನ್ನನ್ನು ಇಷ್ಟು ಹೊತ್ತು ನಿಂತು ನೋಡಿರಲಿಲ್ಲ. ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ; ತುದಿಯಿಂದ ನೀರು ಇಳಿದು ಬಟ್ಟೆಯ ಮೇಲೆ ಒಂದು ಕಪ್ಪು ಕಲೆ ಮಾಡಿತ್ತು. ಆ ಕಲೆಯ ಸ್ವಲ್ಪ ಕೆಳಗೆ, ಅಲ್ಲಿ ಇಡಬೇಕು ಬೆರಳು. ಪಾಸ್ಟರು ಅಂಗೈ ಇಟ್ಟರು. ಕೀಬೋರ್ಡು ಒಂದೇ ಸ್ವರವನ್ನು ಎಳೆಯತೊಡಗಿತು. “ಯಾವ ಬಾಗಿಲಿಂದ ಬಂದೆ?” ಎಂದು ಕೇಳಿದರು ಪಾಸ್ಟರು, ಅವಳನ್ನಲ್ಲ, ಅವಳ ಒಳಗಿನದನ್ನು. “ಈ ಮಗಳ ಒಳಗೆ ನಿನ್ನನ್ನು ಬಿಟ್ಟವರು ಯಾರು? ಹೇಳು!” ಸಭೆ ಹೇಳು, ಹೇಳು ಎಂದಿತು. ಅಕ್ಕನ ದನಿ ಎಲ್ಲರಿಗಿಂತ ಮೇಲಿತ್ತು. ಹೆಂಡತಿಯ ಕುತ್ತಿಗೆ ಒಂದಿಷ್ಟೂ ಅಲುಗಲಿಲ್ಲ. ಹೇಳಿದರೆ ಮುಗಿಯುತ್ತದೆ, ಅವಳಿಗೆ ಗೊತ್ತು. ಬಾಗಿಲು ಅವಳ ಬೆನ್ನ ಹಿಂದೆಯೇ, ಉಗುರು ಕತ್ತರಿಸಿಕೊಂಡು, ನಿಂತಿದೆ.

“ನಗು ಬಂತು, ನಕ್ಕೆ,” ಎಂದಳು.

“ಯಾರು ಕೊಟ್ಟ ನಗು ಅದು?”

ಅವಳ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಈಗ ಬೆರಳು ತಾಗಿಸಬೇಕು. ತಾಗಿಸಿದರೆ ಬೀಳುತ್ತಾಳೆ, ಸ್ತೋತ್ರ ಎನ್ನುತ್ತಾರೆ, ಚೀಲ ಮನೆಗೆ ವಾಪಸು ಬರುತ್ತದೆ, ಎಲ್ಲರಿಗೂ ಒಳ್ಳೆಯದು. ಕೈ ಮುಂದೆ ಹೋಯಿತು. ಕಲೆಯ ತನಕ ಹೋಗಿ, ಬಟ್ಟೆಗೆ ಕೂದಲೆಳೆಯಷ್ಟು ಈಚೆ, ನಿಂತಿತು. ಅವಳನ್ನು ಬೀಳಿಸಬೇಕಾದವನು ತಾನು, ನಗಿಸಿದವನೂ ತಾನು, ನಡುವೆ ಏನೂ ತಿಳಿಯದ ಪಾಸ್ಟರು ಹಸಿದ ಹೊಟ್ಟೆಯಲ್ಲಿ ಯಾವುದಕ್ಕೋ ಹೊರಡು ಹೊರಡು ಎನ್ನುತ್ತಿದ್ದಾರೆ. ಎಲ್ಲರ ಮೇಲೂ ಒಟ್ಟಿಗೇ ರೇಗಿತು. ಇಸ್ತ್ರಿ ಮಾಡಿದ ಅಕ್ಕನ ಮೇಲೆ, ಕಿರುಗುಟ್ಟುವ ಫ್ಯಾನಿನ ಮೇಲೆ, ಮಂಡಿ ನೋವನ್ನು ಮೊದಲೇ ಹೇಳದ ಹೆಡ್‌ಮಾಸ್ಟರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಹೆಸರು ಹೇಳದೆ ಕಲ್ಲಿನಂತೆ ನಿಂತ ಈ ಬೆನ್ನಿನ ಮೇಲೆ. ಅವನ ಎರಡೂ ಕೈ ಮೇಲೆದ್ದವು. ಒಂದು ಹೆಜ್ಜೆ ಹಿಂದೆ ಸರಿದ.

ಅವಳು ಕಾದಳು. ಪಾಸ್ಟರ ಅಂಗೈ ಹಣೆಯನ್ನು ಒತ್ತಿತು; ಅವಳ ಬಲಗಾಲು ತಾನಾಗಿ ಹಿಂದಕ್ಕೆ ಬಂದು ಊರಿಕೊಂಡಿತು. ಕತ್ತು ತಿರುಗಿಸದೆ, ತುಟಿಯ ಮೂಲೆಯಿಂದ, “ರೀ, ಕೈ,” ಎಂದಳು. ಪಾಸ್ಟರ ಇನ್ನೊಂದು ಕೈಯಲ್ಲಿದ್ದ ಮೈಕು ಅವಳ ಬಾಯಿಯ ಹತ್ತಿರವೇ ಇತ್ತು. “ಕೈ ಇಡ್ರೀ,” ಎಂದವು ಹಾಲಿನ ನಾಲ್ಕೂ ಮೂಲೆಯ ಸ್ಪೀಕರುಗಳು, ಅವಳದೇ ದನಿಯಲ್ಲಿ.

ಕೀಬೋರ್ಡು ನಿಂತಿತು. ದೊಡ್ಡಮ್ಮ ನೆಲದ ಮೇಲೆ ಮಲಗಿದ್ದಲ್ಲಿಂದಲೇ ತಲೆ ಎತ್ತಿ ನೋಡಿದಳು. ಪಾಸ್ಟರು ಹೆಂಡತಿಯ ತಲೆಯ ಮೇಲಿಂದ ಅವನನ್ನು ನೋಡಿದರು. ಜ್ವರದ ಮುಂದಿನ ವಾರ ನೋಡಿದ್ದ ನೋಟವೇ. ಈ ಸಲ ಮೈಕನ್ನು ಕೆಳಗಿಳಿಸಿ, ತೊದಲುತ್ತಾ, ಬೇಡಿಕೊಳ್ಳುವ ಹಾಗೆ ಹೇಳಿದರು: “ತಮ್ಮಾ, ಕೈ ಇಡಪ್ಪ.”

“ಇಡಲ್ಲ,” ಎಂದ ಅವನು. ದನಿ ತನ್ನದೇ ಎನಿಸಲಿಲ್ಲ. ಆದರೆ ಬೇರೆ ಯಾರದೂ ಆಗಿರಲಿಲ್ಲ. “ನಗಿಸಿದ್ದು ನಾನು. ಅಡುಗೆಮನೆಯಲ್ಲಿ ನಿಮ್ಮೆಲ್ಲರ ಥರ ಬಿದ್ದು ಬಿದ್ದು ತೋರಿಸಿದೆ. ಹೆಡ್‌ಮಾಸ್ಟರ್ ಥರ, ದೊಡ್ಡಮ್ಮನ ಥರ. ಅವಳು ನಕ್ಕಳು. ಅವಳ ಒಳಗೆ ಇನ್ಯಾವ ಸುಡುಗಾಡೂ ಇಲ್ಲ. ಚೀಲ ತುಂಬೋದಾದ್ರೆ ನನ್ನ ಬಟ್ಟೆ ತುಂಬಿ.”

“ಏನೋ ಹೇಳ್ತಿದೀಯ!” ಎಂದಳು ಅಕ್ಕ. ಅವಳ ಮುಖ ಮಗುವಿನ ಮುಖದ ಹಾಗೆ ಸಣ್ಣದಾಗಿತ್ತು.

ಪಾಸ್ಟರು ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡರು. “ಹಾಗಾದ್ರೆ ನೀನು ಈ ಕಡೆ ಬಾ,” ಎಂದರು. ಕೋಪವೋ ಆಯಾಸವೋ, ತಿಳಿಯಲಿಲ್ಲ.

ಅವನು ಸುತ್ತಿ ಬಂದು ಎದುರಿಗೆ ನಿಂತ. ಮೊದಲ ಬಾರಿಗೆ ಅಂಗೈ ಹಣೆಯ ಮೇಲೆ ಬಿತ್ತು. ಒಣಗಿದ, ಬಿಸಿ ಅಂಗೈ. ಹಸಿದವರ ಉಸಿರಿನ ವಾಸನೆ. ಇಷ್ಟು ದಿನ ಇದನ್ನು ಅವನು ಬೆನ್ನ ಕಡೆಯಿಂದ ಕಂಡಿದ್ದ. ಈ ಕಡೆಯಿಂದ ನೋಡಿದರೆ ಅಂಗೈಯ ಆಚೆ ಒಬ್ಬ ಮನುಷ್ಯ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕರೆದವನು ಬರಲಿ ಎಂದು ಬಾಗಿಲಲ್ಲಿ ಕಾಯುವವನ ಹಾಗೆ ನಿಂತಿದ್ದ. ಬರಲಿ, ಎಂದುಕೊಂಡ ಅವನೂ, ತಡೆಯಲಾರದೆ. ಬರುವುದಿದ್ದರೆ ಬಂದು ತೊಲಗಲಿ, ಒಮ್ಮೆ ಎಲ್ಲ ಇತ್ಯರ್ಥವಾಗಲಿ. ಹಿಂದೆ ಯಾರೂ ಇರಲಿಲ್ಲ. ಹಿಂದಿನ ಖಾಲಿ ಜಾಗ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಸರಿ, ಬೀಳುವುದಿಲ್ಲ, ಎಂದು ಮಂಡಿ ಬಿಗಿ ಮಾಡಿಕೊಂಡ. ಅಷ್ಟರಲ್ಲಿ ಬೆನ್ನಿನ ನಡುವೆ, ಎಲ್ಲಿ ಇಡಬೇಕೋ ಸರಿಯಾಗಿ ಅಲ್ಲಿ, ಎರಡು ಬೆರಳು ತಾಗಿದವು.

“ನಾನಿದೀನಿ,” ಎಂದಳು ಕಿವಿಯ ಹತ್ತಿರ. “ಉಗುರು ತೆಗೆದಿಲ್ಲ. ನೋಡ್ಕೊಳ್ಳಿ.”

ಬಿದ್ದನೋ, ಬೀಳಿಸಿದರೋ, ತನ್ನನ್ನು ತಾನೇ ಬಿಟ್ಟುಕೊಟ್ಟನೋ, ಆಮೇಲೂ ಅವನಿಗೆ ಗೊತ್ತಾಗಲಿಲ್ಲ. ಕಾಲು ಬರಲಿಲ್ಲ, ಅಷ್ಟೇ ಗೊತ್ತು. ಫ್ಯಾನು ತಲೆಯ ಮೇಲಿಂದ ಪಕ್ಕಕ್ಕೆ ಸರಿಯಿತು. ಅವಳು ಕಂಕುಳಿಗೆ ಕೈಕೊಟ್ಟಳು; ಅವನ ಇಡೀ ಭಾರ ಅವಳ ಮೇಲೆ ಬಂತು; ಹಿಡಿಯುವ ಕೆಲಸ ಗೊತ್ತಿಲ್ಲದವಳು, ಬಿಡಬೇಕೆಂದೂ ಗೊತ್ತಿಲ್ಲದವಳು, ಅವನ ಸಮೇತ ಹಿಂದಕ್ಕೆ ಹೋಗಿ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನೂ ಎಳೆದುಕೊಂಡು, ದೊಪ್ಪನೆ ಬಿದ್ದಳು. ಸಭೆಯಲ್ಲಿ ಯಾರಿಗೂ ಸ್ತೋತ್ರ ಎನ್ನಬೇಕೋ ಬಾರದೋ ತಿಳಿಯಲಿಲ್ಲ. ಅವನ ಬೆನ್ನು ಅವಳ ಹೊಟ್ಟೆಯ ಮೇಲಿತ್ತು. ಅಲ್ಲಿಂದ, ಮೊದಲು ನಡುಕದ ಹಾಗೆ, ಆಮೇಲೆ ಅಲೆಯ ಹಾಗೆ, ನಗು ಏಳುವುದು ಕಿವಿಗಿಂತ ಮುಂಚೆ ಬೆನ್ನಿಗೆ ಗೊತ್ತಾಯಿತು. ಕುರ್ಚಿಗಳ ನಡುವೆ ಎಲ್ಲೋ ಹೆಡ್‌ಮಾಸ್ಟರು ಕೆಮ್ಮಿದರು. ಕೆಮ್ಮು ಕೆಮ್ಮಾಗಿಯೇ ಮುಗಿಯಲಿಲ್ಲ.

ಪಾಸ್ಟರ ಅಂಗೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನೊಮ್ಮೆ ನೋಡಿಕೊಂಡರು. “ಮುಂದಿನವರು ಬನ್ನಿ,” ಎಂದರು ಮೈಕಿನಲ್ಲಿ. ಸಾಲಿನಲ್ಲಿದ್ದವರು ಪಾಸ್ಟರನ್ನು ನೋಡಿದರು, ಪಾಸ್ಟರ ಎದುರಿನ ಜಾಗವನ್ನು ನೋಡಿದರು, ಆ ಜಾಗದ ಹಿಂದೆ ಯಾರೂ ಇಲ್ಲದ್ದನ್ನು ನೋಡಿದರು. ಯಾರೂ ಬರಲಿಲ್ಲ.

ಅವಳು ಅವನ ಕೆಳಗಿಂದ ಜಾರಿಕೊಂಡು ಎದ್ದಳು. ಕಣ್ಣು ಒರೆಸಿಕೊಂಡಳು, ಕುರ್ಚಿಯನ್ನು ನೆಟ್ಟಗೆ ಮಾಡಿಟ್ಟಳು. ಆಮೇಲೆ ಬಗ್ಗಿ ಕೈ ಚಾಚಿ, ಗಾಜು ಕೊಯ್ದ ಗುರುತಿದ್ದ ಅವನ ಅಂಗೈಯನ್ನು ಹಿಡಿದಳು. “ಏಳಿ,” ಎಂದಳು. ಎಳೆದಳು. ಅವನು ಎದ್ದ.

ಅಕ್ಕ ಬಾಗಿಲ ಹತ್ತಿರ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಕೆಳಗಡೆ ವ್ಯಾನಿನ ಹಾರ್ನು ಕೇಳಿತು. “ಕೊಡಿ ಅಕ್ಕ,” ಎಂದಳು ಅವನ ಹೆಂಡತಿ, “ಮನೆಗೇ ತಾನೆ, ನಾನೇ ಹೊತ್ಕೋತೀನಿ.” ಅಕ್ಕ ಕೊಡಲಿಲ್ಲ, ಬಿಡಲೂ ಇಲ್ಲ, ಹಿಡಿಯಲೂ ಇಲ್ಲ, ಕೊನೆಗೆ ಚೀಲ ಇಬ್ಬರ ಕೈಯಲ್ಲೂ ಇದ್ದು ಮೂವರೂ ಮೆಟ್ಟಿಲು ಇಳಿದರು. ಅಕ್ಕ ಮೂಗು ಸೇದುತ್ತಾ, “ನನ್ನ ಥರಾನೂ ಬಿದ್ದು ತೋರಿಸಿದ್ಯೇನೋ?” ಎಂದು ಕೇಳಿದಳು. ಅವನು ಎರಡು ಮೆಟ್ಟಿಲು ಒಟ್ಟಿಗೇ ಇಳಿದ. ಬೆನ್ನಿನ ನಡುವೆ ಉರಿಯುತ್ತಿತ್ತು. ಅಂಗಿಯೊಳಗೆ ಕೈ ತಿರುಗಿಸಿ ಮುಟ್ಟಿ ನೋಡಿದ.

“ಪರಚಿಬಿಟ್ಟೆಯಲ್ಲೇ,” ಎಂದ.

“ಹೇಳಿದ್ನಲ್ಲ,” ಎಂದಳು ಅವಳು.